ಎಡಗಡೆಯ ವಸಡು

ಬೇಡ, ಬೇಡ, ಆ ಗಂಟೆ ಇನ್ನೂ ಒತ್ತಬೇಡಿ ಡಾಕ್ಟ್ರೇ. ಹೊರಗೆ ಯಾರೂ ಇಲ್ಲ. ಇದ್ದವರನ್ನೆಲ್ಲ ನಾನೇ ಮುಂದೆ ಕಳಿಸಿಬಿಟ್ಟೆ. ಆ ದವಡೆ ಊದಿಸ್ಕೊಂಡು ಕೂತಿದ್ದ ಹೆಂಗಸು, ಆಮೇಲೆ ಹಲ್ಲಿಗೆ ತಂತಿ ಹಾಕಿಸ್ಕೊಂಡ ಹುಡುಗಿ, ಅವಳಪ್ಪ… 'ನೀವು ಹೋಗಿ, ನೀವು ಹೋಗಿ, ನಂಗೇನೂ ಅವಸರ ಇಲ್ಲ' ಅಂತ. ಹೊರಗೆ ಚೀಟಿ ಬರೆಯೋಳು ನನ್ನನ್ನ ಹೇಗೆ ನೋಡಿದ್ಲು ಅಂತೀರಿ! ಹಲ್ಲಿನ ಡಾಕ್ಟ್ರಿಗೆ ಹೆದರಿ ಸರದಿ ಬಿಟ್ಟು ಓಡಿಹೋಗೋರನ್ನ ನೋಡಿದ್ದಾಳಂತೆ. ಸರದಿ ಬಿಟ್ಟುಕೊಟ್ಟು ಅಲ್ಲೇ ಆರಾಮಾಗಿ ಕೂತ್ಕೊಳ್ಳೋರನ್ನ ನೋಡಿಲ್ಲವಂತೆ.

ನಗ್ತಿದ್ದೀರಾ? ನಗಿ, ನಗಿ. ಬಾಯಿಗೆ ಬಟ್ಟೆ ಕಟ್ಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ? ನಿಮಗೆ ನಗು ಬಂದ್ರೆ ಕಣ್ಣಿನ ಪಕ್ಕ ಸುಕ್ಕು ಬೀಳುತ್ತೆ. ಜೀವಮಾನ ಎಲ್ಲ ಸುಕ್ಕು ನೋಡಿ ಇಸ್ತ್ರಿ ಹಾಕಿದವಳು ನಾನು, ನನ್ನ ಕಣ್ಣು ತಪ್ಪಿಸೋಕಾಗುತ್ತಾ.

ಏನಂದ್ರಿ? ಎಡಗಡೆ ಮೇಲಿನ ವಸಡು ಯಾಕೆ ಹೀಗಾಗಿದೆ ಅಂತಾನಾ? ಅಯ್ಯೋ, ಅದನ್ನ ನಾನು ನಿಮ್ಮನ್ನ ಕೇಳಬೇಕು. ಬಾಯಿ ನನ್ನದೇ, ಆದ್ರೆ ಅದರೊಳಗೆ ಇಣುಕಿ ನೋಡೋರು ನೀವು. ಎಲ್ಲಾ ಕಡೆ ವಾಸಿಯಾಗಿದೆ, ಅದೊಂದು ಕಡೆ ಮಾತ್ರ ಕೆಂಪಗೆ ಹಸಿಯಾಗಿದೆ, ರಕ್ತ ಜಿನುಗುತ್ತೆ… ಹೌದು, ಉಗಿದಾಗ ನಾನೂ ನೋಡ್ದೆ. ಅದಕ್ಕೇ ಅಲ್ವಾ ಓಡಿ ಬಂದದ್ದು.

ಹೋದ ಸಲ ನೀವು ಏನಂದ್ರಿ ನೆನಪಿದೆಯಾ? 'ಅಮ್ಮಾ, ಚೆನ್ನಾಗಿ ನೋಡ್ಕೊಂಡಿದ್ದೀರಿ. ಇನ್ನೊಂದೇ ಒಂದು ಸಲ ಬನ್ನಿ, ಆಮೇಲೆ ಆರು ತಿಂಗಳಿಗೊಂದ್ಸಲ ಬಂದ್ರೆ ಸಾಕು.' ಆರು ತಿಂಗಳು! ಸಂತೋಷದ ಸುದ್ದಿ ಹೇಳೋ ಹಾಗೆ ಹೇಳಿದ್ರಿ. ನಾನೂ ಸಂತೋಷ ಪಟ್ಟೋಳ ಹಾಗೆ ತಲೆ ಆಡಿಸ್ದೆ. ಮೆಟ್ಟಿಲು ಇಳಿಯೋವಾಗ ಅನ್ಕೊಂಡೆ, ಇದೇನಿದು, ವಾಸಿಯಾದ್ರೆ ಮನೆಗೆ ಕಳಿಸೋದು ಅಂದ್ರೆ ವಾಸಿಯಾಗೋದೇ ತಪ್ಪಾ ಅಂತ… ಇಲ್ಲ ಇಲ್ಲ, ಸುಮ್ಮನೆ ತಮಾಷೆಗೆ ಹೇಳ್ದೆ.

ಪಾಠ ಒಪ್ಪಿಸ್ಲಾ? ನೀವು ಹೇಳಿಕೊಟ್ಟದ್ದೆಲ್ಲ ಬಾಯಿಪಾಠ ಆಗಿದೆ. ಕೇಳಿ. ಬ್ರಷ್ಷು ಮೆತ್ತಗಿರಬೇಕು. ಪೆನ್ನು ಹಿಡಿದ ಹಾಗೆ ಹಿಡೀಬೇಕು, ಮುಷ್ಟಿ ಕಟ್ಟಿ ಹಿಡೀಬಾರ್ದು. ಹಲ್ಲೂ ವಸಡೂ ಸೇರೋ ಜಾಗದಲ್ಲಿ ಓರೆಯಾಗಿ ಇಟ್ಟು ಸಣ್ಣ ಸಣ್ಣ ಸುತ್ತು ಸುತ್ತಬೇಕು. ಗರಗಸ ಎಳೆದ ಹಾಗೆ ಆ ಕಡೆಯಿಂದ ಈ ಕಡೆಗೆ ಎಳೆದ್ರೆ ಕೊಳೆ ಹೋಗಲ್ಲ, ವಸಡೇ ಹೋಗುತ್ತೆ. ಹಲ್ಲಿನ ಸಂದಿಗೆ ದಾರ ಹಾಕಿ, ಹಲ್ಲನ್ನ ತಬ್ಬಿಕೊಂಡ ಹಾಗೆ ಬಗ್ಗಿಸಿ ಮೇಲೆ ಕೆಳಗೆ ಆಡಿಸಬೇಕು. ದಾರದ ಕೆಲಸ ಬಿಡಿ, ಅದು ನನಗೆ ಹುಟ್ಟುಗುಣ. ಮತ್ತೆ… ರಕ್ತ ಬಂತು ಅಂತ ಹೆದರಿ ಉಜ್ಜೋದು ಬಿಡಬಾರ್ದು. ರಕ್ತ ಬಂತು ಅಂದ್ರೆ ಅಲ್ಲಿ ಕೊಳೆ ಕೂತಿದೆ ಅಂತ ಅರ್ಥ. ಆ ಕೊಳೆ ದಿನ ಕಳೆದ ಹಾಗೆ ಗಟ್ಟಿ ಕಿಟ್ಟ ಆಗಿ ಕೂತ್ಕೊಂಡ್ರೆ ಬ್ರಷ್ಷಿಗೆ ಬಗ್ಗಲ್ಲ, ನೀವೇ ಕೆರೆದು ತೆಗೀಬೇಕು. ಬಿಟ್ರೆ ವಸಡು ಅದರ ಕಾಟ ತಾಳಲಾರದೆ ಹಿಂದೆ ಹಿಂದೆ ಸರಿಯುತ್ತೆ, ಒಳಗಿನ ಮೂಳೇನೂ ಕರಗುತ್ತೆ, ಹಲ್ಲು ಅಲ್ಲಾಡುತ್ತೆ. ಬೀಡಿ ಸಿಗರೇಟು ಸೇದೋರಿಗೆ, ಸಕ್ಕರೆ ಕಾಯಿಲೆ ಇರೋರಿಗೆ ಇನ್ನೂ ಬೇಗ. ನಿದ್ದೆಯಲ್ಲಿ ಹಲ್ಲು ಕಡಿಯೋರಿಗೂ ಅಷ್ಟೇ.

ಸರಿ ಇದೆಯಾ? ನೂರಕ್ಕೆ ನೂರು ಕೊಡಿ ಮತ್ತೆ. ನಮ್ಮ ಬೀದಿಯಲ್ಲಿ ಯಾರಿಗಾದ್ರೂ ಹಲ್ಲು ಜುಮ್ಮೆಂದ್ರೆ ಈಗ ನನ್ನ ಹತ್ರಾನೇ ಬರ್ತಾರೆ… ಬರ್ತಾರೆ ಅಂದ್ರೆ, ಬಂದ್ರೆ ಹೇಳಬಹುದು ಅಂತ.

ಮೊದಲನೇ ಸಲ ಬಂದಾಗ ನನಗೆ ಇದೊಂದೂ ಗೊತ್ತಿರ್ಲಿಲ್ಲ. ತಣ್ಣೀರು ಕುಡಿದ್ರೆ ಸೂಜಿ ಚುಚ್ಚಿದ ಹಾಗೆ ಆಗ್ತಿತ್ತು. ಕನ್ನಡಿಯಲ್ಲಿ ನೋಡ್ಕೊಂಡ್ರೆ ಹಲ್ಲೆಲ್ಲ ಉದ್ದ ಉದ್ದ. ನನಗೆ ಒಳಗೊಳಗೇ ಖುಷಿ! ವಯಸ್ಸಾದ ಮೇಲೆ ಮೈ ಎಲ್ಲ ಕುಗ್ಗುತ್ತೆ, ಇದೊಂದಾದ್ರೂ ಬೆಳೀತಾ ಇದೆಯಲ್ಲ ಅಂತ. ನಿಮ್ಮ ಹತ್ರ ಹಾಗೇ ಹೇಳಿದ್ದೆ, ನೀವು ಆ ಸಣ್ಣ ಕನ್ನಡಿ ಕೆಳಗಿಟ್ಟು ನಕ್ಕಿದ್ರಿ. 'ಅಮ್ಮಾ, ಹಲ್ಲು ಬೆಳೆದಿಲ್ಲ, ವಸಡು ಇಳಿದಿದೆ, ಹಲ್ಲಿನ ಬೇರು ಹೊರಗೆ ಬಿದ್ದಿದೆ' ಅಂದ್ರಿ. ನಾನು ಕೇಳಿದೆ, ಪ್ಯಾಂಟು ಗಿಡ್ಡ ಆದ್ರೆ ಒಳಗೆ ಮಡಿಸಿಟ್ಟ ಬಟ್ಟೆ ಬಿಚ್ಚಿ ಇಳಿಸ್ತೀವಿ, ನಿಮ್ಮಲ್ಲಿ ಹಾಗೆ ಒಳಗೆ ಒಂದಿಷ್ಟು ಮಡಿಸಿ ಇಟ್ಟಿರಲ್ವಾ ಅಂತ. ಇಲ್ಲಮ್ಮಾ ಅಂದ್ರಿ. ತೀರಾ ಹೆಚ್ಚಾದ್ರೆ ಅಂಗುಳಿಂದ ಚೂರು ತೆಗೆದು ತೇಪೆ ಹಾಕ್ತೀವಿ, ನಿಮಗೆ ಅಷ್ಟು ಬೇಕಿಲ್ಲ, ಆದ್ರೆ ಹೋದ ವಸಡು ತಾನಾಗಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು ಅಂದ್ರಿ.

ಆಮೇಲೆ ನನ್ನ ಮುಂದಿನ ಎರಡು ಹಲ್ಲು ನೋಡಿ ಇದ್ದಕ್ಕಿದ್ದ ಹಾಗೆ ಕೇಳಿದ್ರಿ, 'ಅಮ್ಮಾ, ನೀವು ಬಟ್ಟೆ ಹೊಲೀತೀರಾ?' ನಾನು ಹೇಳೇ ಇರ್ಲಿಲ್ಲ! ದಾರ ಕಚ್ಚಿ ಕಚ್ಚಿ ಹಲ್ಲಿನ ಅಂಚಲ್ಲಿ ಸಣ್ಣ ಕಚ್ಚು ಬಿದ್ದಿದೆ, ಪಿನ್ನು ಕಚ್ಚಿ ಹಿಡಿದೂ ಹಿಡಿದೂ ಅಲ್ಲಿ ವಸಡು ಸವೆದಿದೆ ಅಂತ ನೀವೇ ಬಿಡಿಸಿ ಹೇಳಿದ್ರಿ. ಎಡಗಡೆ ಬಲಗಡೆಗಿಂತ ಹೆಚ್ಚು ಇಳಿದಿದೆ, ಬಲಗೈಯವರು ಗಟ್ಟಿಯಾಗಿ ಉಜ್ಜಿದ್ರೆ ಹಾಗೇ ಆಗೋದು ಅಂತಾನೂ ಹೇಳಿದ್ರಿ. ಕೈ ನೋಡಿ ಭವಿಷ್ಯ ಹೇಳೋರನ್ನ ಕಂಡಿದ್ದೆ, ಬಾಯಿ ನೋಡಿ ಕಸುಬು ಹೇಳೋರನ್ನ ಅವತ್ತೇ ಕಂಡದ್ದು. ಇವರ ಮುಂದೆ ಬಾಯಿ ತೆಗೆಯೋವಾಗ ಹುಷಾರಾಗಿರಬೇಕಪ್ಪಾ ಅಂದ್ಕೊಂಡೆ.

ಹೊರಡಬೇಕಾ ನಿಮಗೆ? ಇಲ್ಲ ಅಲ್ವಾ? ಮತ್ತೆ ಗೋಡೆ ಗಡಿಯಾರ ಯಾಕೆ ನೋಡಿದ್ರಿ? ಸರಿ, ಸರಿ. ಬೇಗ ಮುಗಿಸ್ತೀನಿ.

ನನಗೆ ನಿಜವಾಗಿ ಇಷ್ಟ ಆದದ್ದು ಏನು ಗೊತ್ತಾ? ಆ ಸಣ್ಣ ಕಡ್ಡಿ ತಗೊಂಡು ಒಂದೊಂದು ಹಲ್ಲಿನ ಬುಡಕ್ಕೂ ಇಳಿಸಿ ವಸಡಿನ ಆಳ ಅಳೆದ್ರಲ್ಲ, ಅದು. ನೀವು ಕೂಗ್ತಿದ್ರಿ, 'ಎರಡು, ಎರಡು, ಮೂರು… ನಾಲ್ಕು.' ಹೊರಗಿನೋಳು ಒಳಗೆ ಬಂದು ಬರ್ಕೊಳ್ತಿದ್ಲು. ಬಾಯಿ ತೆರೆದು ಮಲಗಿದ್ದೆ, ಆ ದೀಪ ಕಣ್ಣಿಗೆ ಹೊಡೀತಿತ್ತು, ಕಣ್ಣಲ್ಲಿ ನೀರು ಬಂತು. ನೋವಾಯ್ತಾ ಅಂತ ಕೇಳಿದ್ರಿ. ನೋವಲ್ಲ ಡಾಕ್ಟ್ರೇ. ನಾನು ನಮ್ಮ ಅಂಗಡಿಯಲ್ಲಿ ಹೀಗೇ ಕೂಗ್ತಿದ್ದೆ. ಟೇಪು ಹಿಡಿದು, 'ಕುತ್ತಿಗೆ ಹದಿನೈದು, ಭುಜ ಹದಿನೇಳು, ತೋಳು ಇಪ್ಪತ್ತಮೂರೂವರೆ.' ನಮ್ಮ ನಾದಿನಿ ಮೇಜಿನ ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಳ್ತಿದ್ಲು. ಬೀದಿಯವರೆಲ್ಲರ ಮೈ ಮುಟ್ಟಿ ಅಳೆದವಳು ನಾನು. ಯಾರ ಭುಜ ಒಂದು ಕಡೆ ಇಳಿದಿದೆ, ಯಾರಿಗೆ ಬೊಜ್ಜು ಬಂತು, ಯಾರು ಸೊರಗಿದ್ರು, ಎಲ್ಲ ನನ್ನ ಬೆರಳಿಗೆ ಗೊತ್ತು. ನನ್ನನ್ನ ಮಾತ್ರ ಯಾರೂ ಅಳೆದಿರ್ಲಿಲ್ಲ. ನನ್ನ ಬಟ್ಟೆ ನಾನೇ ಕಣ್ಣಂದಾಜಲ್ಲಿ ಹೊಲ್ಕೊಳ್ತಿದ್ದೆ.

ನಾದಿನಿ ಅಂದ್ರೆ ನಮ್ಮೆಜಮಾನ್ರ ತಂಗಿ. ಎಜಮಾನ್ರು ಹೋಗಿ ಬಹಳ ವರ್ಷ ಆಯ್ತು, ಆಮೇಲೆ ನಾವಿಬ್ರೇ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಕತ್ತರಿಸೋಳು, ಅವಳು ಕಾಜ ಮಾಡೋಳು, ಗುಂಡಿ ಹಾಕೋಳು. ಜಗಳ ಆಡದ ದಿನ ಇಲ್ಲ. ಆದ್ರೂ ಬೆಳಿಗ್ಗೆ ಎದ್ದ ತಕ್ಷಣ, 'ಅತ್ತಿಗೆ, ಬಾ ಇಲ್ಲಿ' ಅಂತ ಕೂರಿಸ್ಕೊಂಡು ತಲೆ ಬಾಚೋಳು. ಸಿಕ್ಕು ಬಿಡಿಸೋವಾಗ ಬೇಕಂತಾನೇ ಎಳೆಯೋಳು, ಹಿಂದಿನ ದಿನದ ಜಗಳಕ್ಕೆ ಸೇಡು. ನಾನು ಅಯ್ಯೋ ಅಂದ್ರೆ ತಲೆ ಮೇಲೆ ಒಂದು ಮೊಟಕೋಳು.

ಅವಳು ಮದುವೆ ಆದ್ಲು ಡಾಕ್ಟ್ರೇ. ಹೂಂ, ಈ ವಯಸ್ಸಲ್ಲಿ! ಐವತ್ತು ದಾಟಿದ ಮೇಲೆ! ಲಿಫ್ಟು ರಿಪೇರಿ ಮಾಡೋರು, ಹೆಂಡತಿ ತೀರಿಕೊಂಡೋರು, ಪ್ಯಾಂಟು ಗಿಡ್ಡ ಮಾಡಿಸೋಕೆ ಬಂದ್ರು. ನನಗೆ ಅವತ್ತು ಸೊಂಟ ಹಿಡ್ಕೊಂಡಿತ್ತು, ಕಾಲಿನ ಅಳತೆ ನೀನೇ ತಗೊಳ್ಳೇ ಅಂದೆ. ನಾನೇ ಅಂದೆ ನೋಡಿ. ಬೆರಳು ತೋರಿಸಿದ್ರೆ ಹಸ್ತಾನೇ ನುಂಗಿಬಿಟ್ರು. ಅವಳ ಮದುವೆ ಬಟ್ಟೆ ನಾನೇ ಹೊಲಿದೆ. ಅಷ್ಟು ಚೆನ್ನಾಗಿ ನಾನು ಯಾರಿಗೂ ಹೊಲಿದಿರ್ಲಿಲ್ಲ. ಹೊಟ್ಟೆಕಿಚ್ಚು ಇಲ್ಲ, ಆಣೆಗೂ ಇಲ್ಲ. ಒಳ್ಳೆ ಮನುಷ್ಯ ಆತ. ಆದ್ರೆ ಅವರ ಮನೆ ಊರಿನ ಆ ತುದಿ. ಅವಳು ಫೋನ್ ಮಾಡ್ತಾಳೆ, ಹಿಂದಿನಿಂದ ಆತ ಕೂಗ್ತಾರೆ, ಕುಕ್ಕರ್ ಕೂಗುತ್ತೆ, 'ಇರು ಅತ್ತಿಗೆ, ಆಮೇಲೆ ಮಾಡ್ತೀನಿ' ಅಂತಾಳೆ. ಆಮೇಲೆ ಅಂದ್ರೆ ಆಮೇಲೆ.

ಅಂಗಡಿ ಬಾಗಿಲು ಹಾಕಿಬಿಟ್ಟೆ. ಈಗ ಎಲ್ಲ ರೆಡಿಮೇಡ್, ಯಾರು ಹೊಲಿಸ್ತಾರೆ ಅಂತ ಜನಕ್ಕೆ ಹೇಳ್ತೀನಿ. ಅದೂ ನಿಜಾನೇ. ಆದ್ರೆ ಒಬ್ಬಳೇ ಅಳತೆ ತಗೋಬಹುದು ಡಾಕ್ಟ್ರೇ, ಒಬ್ಬಳೇ ಕೂಗಿ ಒಬ್ಬಳೇ ಬರ್ಕೊಳ್ಳೋಕೆ ಆಗಲ್ಲ. ಒಂದೆರಡು ಸಲ ಮಾಡಿ ನೋಡ್ದೆ. ಅಭ್ಯಾಸಬಲ, 'ಭುಜ ಹದಿನೇಳು' ಅಂತ ಕೂಗಿಬಿಟ್ಟೆ. ಅಳತೆ ಕೊಡ್ತಿದ್ದ ಗಿರಾಕಿ ತಿರುಗಿ ನೋಡಿದ್ರು, ಮೇಜಿನ ಹತ್ರ ಯಾರೂ ಇರ್ಲಿಲ್ಲ.

ಆಮೇಲೇ ಹಲ್ಲು ಜುಮ್ಮೆನ್ನೋಕೆ ಶುರುವಾದದ್ದು, ನಿಮ್ಮ ಹತ್ರ ಬಂದದ್ದು. ನೀವು ಗಲ್ಲಕ್ಕೆ ಕೈ ಹಾಕಿ, 'ಸ್ವಲ್ಪ ಈ ಕಡೆ ತಿರುಗಿ ಅಮ್ಮಾ' ಅಂದ್ರಿ. ಅಷ್ಟೇ. ನೀವು ದಿನಾ ಎಷ್ಟು ಜನರ ಗಲ್ಲ ಹಿಡೀತೀರೋ, ನಿಮಗೆ ಅದು ಲೆಕ್ಕಕ್ಕಿಲ್ಲ. ನನಗೆ… ಮನೆಗೆ ಹೋಗಿ ನೆನಪು ಮಾಡ್ಕೊಂಡೆ, ಇದಕ್ಕೆ ಮುಂಚೆ ನನ್ನನ್ನ ಒಬ್ಬರು ಮುಟ್ಟಿದ್ದು ಯಾವಾಗ ಅಂತ. ಬಸ್ಸಲ್ಲಿ ನೂಕಿದ್ದು ಬಿಟ್ಟು.

ಅಯ್ಯೋ, ನೀವು ಮುಖ ಸಪ್ಪಗೆ ಮಾಡ್ಕೋಬೇಡಿ. ನಾನು ಅತ್ತು ಕರೆಯೋ ಪೈಕಿ ಅಲ್ಲ. ನಾನು ಹೇಳ್ತಿರೋದು ಕೆಲಸದ ಮಾತು. ಈ ಎಡಗಡೆ ಹೀಗೆ ರಕ್ತ ಬರ್ತಿರೋವಾಗ ಆರು ತಿಂಗಳು ಬಿಟ್ಟುಬಿಡೋದು ಸರೀನಾ? ನೀವೇ ಹೇಳಿ. ಮೊದಲಿನ ಹಾಗೆ ವಾರವಾರ ಬರ್ತೀನಿ. ಗುರುವಾರ. ಗುರುವಾರ ನಿಮಗೆ ಜನ ಕಡಿಮೆ, ನಾನು ಗಮನಿಸಿದ್ದೀನಿ. ನೀವು ಸುಮ್ಮನೆ ಆ ಕಡ್ಡಿ ಹಿಡಿದು ಒಂದು ಸುತ್ತು ಅಳೆದುಬಿಡಿ, ಎರಡು, ಎರಡು, ಮೂರು ಅಂತ. ಮುಂಜಾಗ್ರತೆ ಅಂತಾರಲ್ಲ. ಅತಿ ಆದ್ರೆ ಅಮೃತಾನೂ ವಿಷ ಅನ್ನಬೇಡಿ, ಇದಕ್ಕೆ ಅದು ಅನ್ವಯಿಸಲ್ಲ.

ಏನು? ಬ್ರಷ್ಷಾ? ಹೂಂ, ತಂದಿದ್ದೀನಿ, ಈ ಸಲ ಬರೋವಾಗ ತನ್ನಿ ಅಂತ ನೀವೇ ಹೇಳಿದ್ರಲ್ಲ. ಇರಿ, ಚೀಲದಲ್ಲಿದೆ… ಕರವಸ್ತ್ರದಲ್ಲಿ ಸುತ್ತಿದ್ದೀನಿ. ತಗೊಳ್ಳಿ. ಮೊದಲನೇ ಸಲ ನೀವು ಕೊಟ್ಟದ್ದೇ, ಅದೇ ನೀಲಿ. ಮುಟ್ಟಿ ನೋಡಿ, ಒದ್ದೆ ಮಾಡ್ಕೊಂಡೇ ತಂದಿದ್ದೀನಿ… ಅಂದ್ರೆ, ಬೆಳಿಗ್ಗೆ ಉಜ್ಜಿದ್ದು ಇನ್ನೂ ಆರಿಲ್ಲ ಅಂತ.

ಯಾಕೆ ದೀಪದ ಹತ್ರ ಹಿಡಿದು ನೋಡ್ತಿದ್ದೀರಿ?

ಚೆನ್ನಾಗಿದೆ ಅಲ್ವಾ? ಎಳೆ ಎಲ್ಲ ನೆಟ್ಟಗೆ ನಿಂತಿದೆ. ನಾನು ವಸ್ತು ಜೋಪಾನ ಮಾಡೋಳು ಡಾಕ್ಟ್ರೇ. ನನ್ನ ಕತ್ತರಿ ನೋಡಬೇಕು ನೀವು, ನಮ್ಮ ಮಾವನವರ ಕಾಲದ್ದು, ಇವತ್ತಿಗೂ ಕೂದಲು ಸೀಳುತ್ತೆ. ಕೆಲವರ ಬ್ರಷ್ಷು ಒಂದು ತಿಂಗಳಿಗೇ ಕೆದರಿಹೋಗಿರುತ್ತೆ. ನಂದು ಹಾಗಲ್ಲ. ದಿನಾ ಎರಡು ಹೊತ್ತು ಉಜ್ಜಿದ್ರೂ… ನಿಧಾನವಾಗಿ ಉಜ್ಜಿದ್ರೆ ಯಾಕೆ ಕೆದರುತ್ತೆ? ನೀವೇ ಹೇಳಿದ್ದು ಮೆತ್ತಗೆ ಉಜ್ಜಿ ಅಂತ. ನಾನು ತೀರಾ ಮೆತ್ತಗೆ ಉಜ್ಜಿರಬೇಕು. ಅದಕ್ಕೇ ಎಡಗಡೆ ಕೊಳೆ ಹೋಗದೆ ಹಾಗಾಗಿದೆ. ಅಲ್ವಾ? ಹಾಗೇ ಇರಬೇಕು.

ಮಾತಾಡಿ ಡಾಕ್ಟ್ರೇ.

ಅಲ್ಲ, ನಾನು ಬೇರೆ ಬ್ರಷ್ಷು ಮುಟ್ಟೇ ಇಲ್ಲ. ನೀವು ಕೇಳಿದ್ರಿ ಅಂತಲ್ಲ, ಸುಮ್ಮನೆ ಹೇಳ್ದೆ… ಅಯ್ಯೋ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ನೀವು ಕಳ್ಳ ಅಂತಾನೂ ಅಂದಿಲ್ಲ.

ಒಂದು ವಿಷಯ ಹೇಳ್ತೀನಿ, ಕೇಳಿ. ನಮ್ಮ ಅಂಗಡಿಗೆ ಒಬ್ಬರು ಡ್ರಾಯಿಂಗ್ ಮೇಷ್ಟ್ರು ಬರ್ತಿದ್ರು. ಕೆಲಸದಿಂದ ನಿವೃತ್ತಿ ಆಗಿತ್ತು, ಮನೆಯಲ್ಲಿ ಒಬ್ಬರೇ. ವಾರಕ್ಕೊಂದ್ಸಲ ಬರೋರು, ಅಂಗಿಯ ಒಂದು ಗುಂಡಿ ಹೋಗಿರೋದು. ಅಂಗಿ ಬಿಚ್ಚಿ ಕೊಡಿ ಅಂದ್ರೆ, ಬೇಡಮ್ಮಾ, ಹಾಕ್ಕೊಂಡಿರೋದಕ್ಕೇ ಹೊಲಿದುಬಿಡಿ, ಬೇರೆ ತಂದಿಲ್ಲ ಅನ್ನೋರು. ನಾನು ಅವರೆದುರು ನಿಂತು, ಎದೆ ಹತ್ರ ಬಗ್ಗಿ ಗುಂಡಿ ಹಾಕಿ, ದಾರ ಹಲ್ಲಲ್ಲೇ ಕಚ್ಚಿ ಕತ್ತರಿಸ್ತಿದ್ದೆ. ಅಷ್ಟು ಹೊತ್ತೂ ಅವರು ಉಸಿರು ಬಿಗಿ ಹಿಡಿದು, ಛಾವಣಿ ನೋಡ್ತಾ ನಿಂತಿರೋರು. ನಮ್ಮ ನಾದಿನಿ ಅವರಿಗೆ ಗುಂಡಿ ಮೇಷ್ಟ್ರು ಅಂತಾನೇ ಹೆಸರಿಟ್ಟಿದ್ಲು.

ಅವಳ ಕಣ್ಣು ಬಲು ಚುರುಕು. ಒಂದಿನ ಅಂಗಿಯಲ್ಲಿ ಉಳಿದ ದಾರದ ತುದಿ ನೋಡಿ ನನ್ನ ಕಿವಿಯಲ್ಲಿ ಹೇಳಿದ್ಲು, ಅತ್ತಿಗೆ, ಇದು ಸವೆದು ಕಿತ್ತುಹೋದದ್ದಲ್ಲ, ಕತ್ತರಿಸಿದ್ದು ಅಂತ. ಕಿತ್ತುಹೋದ ದಾರದ ತುದಿ ಜುಂಗಾಗಿರುತ್ತೆ ಡಾಕ್ಟ್ರೇ. ಕತ್ತರಿಸಿದ್ದು ನೆಟ್ಟಗಿರುತ್ತೆ. ನನಗೆ ಅದು ಮೊದಲೇ ಗೊತ್ತಿತ್ತು. ಎರಡನೇ ವಾರಕ್ಕೇ ಗೊತ್ತಾಗಿತ್ತು. ಸುಮ್ಮನಿದ್ದೆ. ಗುಂಡಿ ಹಾಕೋಕೆ ಏನು ಮಹಾ ಹೊತ್ತು ಬೇಕು.

ಅವಳು ಸುಮ್ಮನಿರ್ಲಿಲ್ಲ. ಅವಳದು ತಮಾಷೆ ಸ್ವಭಾವ, ಕೆಟ್ಟ ಮನಸ್ಸಿಂದ ಅಲ್ಲ. ನಾನು ಅವರೆದುರು ಬಗ್ಗಿ ನಿಂತಿದ್ದಾಗಲೇ ಕೇಳಿಬಿಟ್ಲು, 'ಮೇಷ್ಟ್ರೇ, ಮನೇಲಿ ಹೊಸ ಕತ್ತರಿ ತಂದಿದ್ದೀರಾ ಹೇಗೆ?'

ನನ್ನ ಬಾಯಲ್ಲಿ ಪಿನ್ನಿತ್ತು, ಏನೂ ಹೇಳೋಕಾಗ್ಲಿಲ್ಲ. ಅವರ ಎದೆ ನನ್ನ ಕೈಗೆ ಅಷ್ಟು ಹತ್ರ ಇತ್ತು, ಬಡ್ಕೊಳ್ಳೋದು ಗೊತ್ತಾಗ್ತಿತ್ತು. ಅವರು ನಕ್ಕರು. ಧನ್ಯವಾದ ಹೇಳಿ ಹೋದ್ರು. ಮತ್ತೆ ಬರ್ಲಿಲ್ಲ. ಎಷ್ಟೋ ದಿನ ಆದ ಮೇಲೆ ಬಸ್ ನಿಲ್ದಾಣದಲ್ಲಿ ಕಂಡ್ರು. ಅಂಗಿಯ ಗುಂಡಿ ಎಲ್ಲಾ ಇತ್ತು, ಕುತ್ತಿಗೆ ತನಕ ಹಾಕ್ಕೊಂಡಿದ್ರು. ನನ್ನನ್ನ ನೋಡಿ ಆ ಕಡೆ ತಿರುಗಿ ನಿಂತ್ಕೊಂಡ್ರು.

ಅದಕ್ಕೇ ಹೇಳ್ತಿರೋದು. ಕೆಲವನ್ನ ಕೇಳಬಾರ್ದು ಡಾಕ್ಟ್ರೇ. ಗೊತ್ತಾದ್ರೂ ಕೇಳಬಾರ್ದು. ಸುಮ್ಮನೆ ಗುಂಡಿ ಹಾಕಿ ಕಳಿಸಬೇಕು.

…

ನೀವು ಏನೂ ಕೇಳ್ತಾನೇ ಇಲ್ಲ.

ಕೇಳಬೇಡಿ ಅಂದೆ ಅಂತ ಇಷ್ಟು ಸುಮ್ಮನಿರ್ತಾರಾ ಯಾರಾದ್ರೂ? ಒಂದು ಮಾತು ಬೈಯಿರಿ. 'ಅಮ್ಮಾ, ನಿಮಗೇನು ತಲೆ ಕೆಟ್ಟಿದೆಯಾ' ಅಂತ ಕೇಳಿ. ಬ್ರಷ್ಷನ್ನ ಹಾಗೆ ಕೈಯಲ್ಲಿ ಹಿಡ್ಕೊಂಡು ನನ್ನ ನೋಡಬೇಡಿ. ನಾದಿನಿಯ ನಾಲಗೆಯಾದ್ರೂ ತಡ್ಕೋಬಹುದು, ಇದನ್ನ ತಡ್ಕೊಳ್ಳೋಕಾಗಲ್ಲ.

ಇದನ್ನ ಕೊಟ್ಟಾಗ ನನ್ನ ಆ ಹಳೇ ಗಟ್ಟಿ ಬ್ರಷ್ಷು ಬಿಸಾಕಿ ಅಂದಿದ್ರಿ. ಬಿಸಾಕಿಲ್ಲ. ನಿನ್ನೆ ಬುಧವಾರ ಸಂಜೆ ಅದನ್ನೇ ತಗೊಂಡೆ. ಮುಷ್ಟಿ ಕಟ್ಟಿ ಹಿಡ್ಕೊಂಡು ಉಜ್ಜಿದೆ, ನೀವು ಹೇಗೆ ಬೇಡ ಅಂದ್ರೋ ಹಾಗೇ, ಗರಗಸದ ಹಾಗೇ. ಎಡಗಡೆ ಮಾತ್ರ. ಬಲಗೈಯವರಿಗೆ ಎಡಗಡೆ ಸವೆಯೋದು ಅಂತ ನೀವೇ ಹೇಳಿದ್ರಲ್ಲ, ನಿಮಗೆ ಅನುಮಾನ ಬರಲ್ಲ ಅಂದ್ಕೊಂಡೆ. ನೀವು ಕೊಟ್ಟದ್ದನ್ನ ಕೆದರಿಸಿ ತರಬೇಕಿತ್ತು, ಅದು ನನ್ನ ತಲೆಗೆ ಹೋಗ್ಲಿಲ್ಲ. ಉಳಿದ ದಿನಾನೂ ಇದನ್ನ ತೆಗೀಲಿಲ್ಲ, ಆ ಹಳೇದರಲ್ಲೇ ಮೆತ್ತಗೆ ಉಜ್ಜಿ ದಾರ ಹಾಕ್ಕೊಳ್ತಿದ್ದೆ. ಇದು ನೀವು ಕೈಯಾರೆ ಕೊಟ್ಟದ್ದು, ಹಾಗೇ ಇಟ್ಕೊಂಡಿದ್ದೆ.

ನೋಯ್ತು. ನೋಯಲ್ಲ ಅಂತ ಯಾರು ಹೇಳಿದ್ರು. ಆದ್ರೆ ನಾಳೆ ಗುರುವಾರ ಅಂತ ಇತ್ತಲ್ಲ.

ಹೋದ ವಸಡು ವಾಪಸ್ ಬರಲ್ಲ ಅಂತ ಗೊತ್ತು ಡಾಕ್ಟ್ರೇ, ಪಾಠ ಒಪ್ಪಿಸಿದ್ನಲ್ಲ. ಗೊತ್ತಿದ್ದೇ ಮಾಡ್ದೆ. ಕೈಲಾಗದವಳು ಮೈ ಪರಚಿಕೊಂಡ್ಲು ಅಂತಾರೆ, ಹಾಗೆ. ಒಂದು ಗುರುವಾರಕ್ಕೆ ಒಂದು ಚೂರು ಹೋಗ್ಲಿ ಅಂತ. ಒಂದು ಹಲ್ಲು ಹೋದ್ರೂ ಹೋಗ್ಲಿ, ಅದನ್ನ ಕೀಳೋಕೆ, ಹೊಸದು ಕಟ್ಟೋಕೆ ನಾಲ್ಕು ಸಲ ಬರಬೇಕಾಗುತ್ತೆ ಅಂತಾನೂ ಅಂದ್ಕೊಂಡೆ. ಅಂಥ ಯೋಚನೆ ಬಂದಾಗ ನನಗೇ ನನ್ನ ಮೇಲೆ ಹೆದರಿಕೆ ಆಯ್ತು.

ನೀವು ಯಾಕೆ ಕೈಗವಸು ತೆಗೀತಿದ್ದೀರಿ? ಮುಗೀತಾ? ಸರಿ. ಸರಿ, ಏಳ್ತೀನಿ. ಈ ಕುರ್ಚಿ ಸ್ವಲ್ಪ ನೆಟ್ಟಗೆ ಮಾಡಿ… ನನ್ನ ಚೀಲ… ಆರು ತಿಂಗಳು ಅಂದ್ರೆ ಆರು ತಿಂಗಳೇ ಆಗ್ಲಿ, ನಾನೇನೂ ಹಟ ಮಾಡಲ್ಲ. ಹೊರಗಿನೋಳಿಗೆ ಮಾತ್ರ ಇದೆಲ್ಲ ಹೇಳಬೇಡಿ, ಅಷ್ಟು…

ಡಾಕ್ಟ್ರೇ?

ನಿಮ್ಮ ಕೈ ಬೆಚ್ಚಗಿದೆ. ಇಷ್ಟು ದಿನ ಆ ರಬ್ಬರಿನ ಮೇಲಿಂದ ಗೊತ್ತೇ ಆಗಿರ್ಲಿಲ್ಲ.